ರಕ್ಷಣಾ ಒಪ್ಪಂದವಿದ್ದರೂ ಅಮೆರಿಕ ಯಾಕೆ ಬರಲಿಲ್ಲ?

ಪ್ರಶ್ನೆ: ಫಿಲಿಪ್ಪೀನ್ಸ್ ನಮ್ಮಿಂದ ಬ್ರಹ್ಮೋಸ್ ಕೊಂಡಿದೆ, ಅಮೆರಿಕದ ಜತೆ ರಕ್ಷಣಾ ಒಪ್ಪಂದವೂ ಇದೆ. ಆದರೂ ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಹಡಗುಗಳು ಅದರ ದೋಣಿಗಳ ಮೇಲೆ ಜಲಫಿರಂಗಿ ಹಾರಿಸುತ್ತಲೇ ಇವೆಯಲ್ಲ? ಇಷ್ಟೆಲ್ಲ ಇದ್ದೂ ಏನು ಬಂತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: 1951ರ ಆ ಒಪ್ಪಂದಕ್ಕೆ ಜೀವ ಬರುವುದು 'ಸಶಸ್ತ್ರ ದಾಳಿ' ನಡೆದಾಗ. ಆಗಲೂ ಎರಡೂ ದೇಶಗಳು ತಂತಮ್ಮ ಸಂವಿಧಾನದ ಪ್ರಕಾರ ಕ್ರಮ ಕೈಗೊಳ್ಳುತ್ತವೆ ಎಂದಷ್ಟೇ ಅದರಲ್ಲಿದೆ; ಕೂಡಲೇ ಸೇನೆ ಕಳಿಸುತ್ತೇವೆ ಎಂದಿಲ್ಲ. ಚೀನಾಕ್ಕೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ನೌಕಾಪಡೆಯನ್ನು ಹಿಂದಿಟ್ಟು ಕೋಸ್ಟ್ ಗಾರ್ಡ್ ಹಡಗುಗಳನ್ನೂ ಮೀನುಗಾರರ ಸೋಗಿನ ಮಿಲಿಷಿಯಾ (ಅರೆಸೇನಾ ಪಡೆ) ದೋಣಿಗಳನ್ನೂ ಮುಂದೆ ಬಿಡುತ್ತದೆ. ನೀರು ಎರಚುತ್ತಾರೆ, ಅಡ್ಡ ಬರುತ್ತಾರೆ, ಗುದ್ದುತ್ತಾರೆ. ಗುಂಡು ಮಾತ್ರ ಹಾರಿಸುವುದಿಲ್ಲ.

ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದಿಂದ ಸುಮಾರು 195 ಕಿ.ಮೀ. ದೂರದ ಸೆಕೆಂಡ್ ಥಾಮಸ್ ದಿಬ್ಬವನ್ನೇ ನೋಡಿ. 1999ರಲ್ಲಿ ಫಿಲಿಪ್ಪೀನ್ಸ್ ಎರಡನೇ ಮಹಾಯುದ್ಧ ಕಾಲದ 'ಸಿಯೆರಾ ಮಾದ್ರೆ' ಹಡಗನ್ನು ಬೇಕೆಂದೇ ಈ ಹವಳದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿತು. ತುಕ್ಕು ಹಿಡಿದು ತೂತು ಬಿದ್ದರೂ ಅದನ್ನು ನೌಕಾಪಡೆಯ ಪಟ್ಟಿಯಿಂದ ತೆಗೆದಿಲ್ಲ, ಏಕೆಂದರೆ ಪಟ್ಟಿಯಲ್ಲಿರುವ ತನಕ ಅದರ ಮೇಲಿನ ದಾಳಿ ಒಪ್ಪಂದದ ವ್ಯಾಪ್ತಿಗೆ ಬರುತ್ತದೆ. (ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟು ಬೆಲೆ ಬೇರೆಲ್ಲೂ ಇರಲಾರದು.) ಹಾಗಾಗಿ ಚೀನಾ ಆ ಹಡಗನ್ನು ಮುಟ್ಟದೆ, ಅಲ್ಲಿನ ಸೈನಿಕರಿಗೆ ಆಹಾರ ಒಯ್ಯುವ ದೋಣಿಗಳನ್ನು ತಡೆಯುತ್ತದೆ. 2024ರ ಜೂನ್ 17ರಂದು ಚೀನಾ ಸಿಬ್ಬಂದಿ ಚಾಕು, ಕೊಡಲಿ ಹಿಡಿದು ರಬ್ಬರ್ ದೋಣಿಗಳನ್ನು ಸೀಳಿದರು; ಫಿಲಿಪ್ಪೀನ್ಸ್ ನಾವಿಕನೊಬ್ಬನ ಹೆಬ್ಬೆರಳು ತುಂಡಾಯಿತು. ತಮ್ಮ ಪ್ರಜೆ ಯಾರಾದರೂ ಸತ್ತರೆ ಅದು ಯುದ್ಧಕ್ಕೆ ಬಹಳ ಸಮೀಪ ಎಂದು ಅಧ್ಯಕ್ಷ ಮಾರ್ಕೋಸ್ ಅದಕ್ಕೆ ಕೆಲವೇ ವಾರಗಳ ಹಿಂದೆ ಸಿಂಗಪುರದಲ್ಲಿ ಹೇಳಿದ್ದರು. ಯಾರೂ ಸಾಯಲಿಲ್ಲ. ಮನಿಲಾ (ಫಿಲಿಪ್ಪೀನ್ಸ್ ಸರ್ಕಾರ) ಅಮೆರಿಕದ ಜತೆಗಿನ ಒಪ್ಪಂದದ ಮಾತೆತ್ತದೆ, ಜುಲೈನಲ್ಲಿ ಆಹಾರ ಸಾಗಣೆಗೆ ಬೀಜಿಂಗ್ ಜತೆ ತಾತ್ಕಾಲಿಕ ಹೊಂದಾಣಿಕೆ ಮಾಡಿಕೊಂಡಿತು.

ಬ್ರಹ್ಮೋಸ್ ಇಲ್ಲಿ ಕೆಲಸಕ್ಕೆ ಬಾರದು. ನೀರು ಎರಚಿದವನ ಮೇಲೆ ಕ್ಷಿಪಣಿ ಬಿಟ್ಟರೆ ಯುದ್ಧ ಶುರು ಮಾಡಿದ ಅಪವಾದ ಮನಿಲಾದ ತಲೆಗೇ ಬರುತ್ತದೆ. 2022ರಲ್ಲಿ ಸುಮಾರು 37.5 ಕೋಟಿ ಡಾಲರ್‌ಗೆ ಅದನ್ನು ಕೊಂಡದ್ದು ದೊಡ್ಡ ಯುದ್ಧನೌಕೆಗಳನ್ನು ದೂರವಿಡಲು. ವ್ಯಾಪ್ತಿ ಸುಮಾರು 290 ಕಿ.ಮೀ.; ಫಿಲಿಪ್ಪೀನ್ಸ್‌ನ ಮುಖ್ಯ ದ್ವೀಪ ಲುಜಾನ್‌ನ ತೀರದಿಂದ, ಇನ್ನೊಂದು ವಿವಾದಿತ ತಾಣವಾದ ಸ್ಕಾರ್ಬರೋ ದಿಬ್ಬ ಸುಮಾರು 220 ಕಿ.ಮೀ. ಲೆಕ್ಕ ಸರಿಯಾಗಿಯೇ ಇದೆ. ಆದರೆ ದಿಗಂತದಾಚೆ ಚಲಿಸುತ್ತಿರುವ ಹಡಗು ಈ ಕ್ಷಣ ಎಲ್ಲಿದೆ ಎಂದು ಹೇಳುವ ರಾಡಾರ್, ವಿಮಾನಗಳಿಲ್ಲದೆ ಕ್ಷಿಪಣಿ ಕುರುಡು. 2023ರಲ್ಲಿ ಕರಾವಳಿ ರಾಡಾರ್ ಕೊಡಲು ಜಪಾನ್ ಒಪ್ಪಿದ್ದನ್ನು ಈ ಜತೆಗೇ ಓದಿಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ವಿಯೆಟ್ನಾಂನಂತೆ ಯಾರ ಕಡೆಗೂ ವಾಲದೆ ಇರಬಹುದಿತ್ತಲ್ಲ?
– ಓದುಗರೊಬ್ಬರು, ಕುಮಟಾ

ಉತ್ತರ: ಮನಿಲಾ ಒಮ್ಮೆ ಅಮೆರಿಕವನ್ನು ಹೊರಗೆ ಕಳಿಸಿ ನೋಡಿದೆ. 1991ರಲ್ಲಿ ಅದರ ಸೆನೆಟ್ 12–11 ಮತಗಳಿಂದ ಅಮೆರಿಕದ ನೆಲೆಗಳ ಮುಂದುವರಿಕೆಯನ್ನು ತಿರಸ್ಕರಿಸಿತು. 1995ರಲ್ಲಿ ಚೀನಾ, ಫಿಲಿಪ್ಪೀನ್ಸ್ ತನ್ನದೆನ್ನುವ ಮಿಸ್ಚೀಫ್ ದಿಬ್ಬದಲ್ಲಿ ಕಟ್ಟಡ ಎಬ್ಬಿಸಿತು. ಈಗ ಅಮೆರಿಕದ ಪಡೆಗಳಿಗೆ ಒಂಬತ್ತು ಕಡೆ ಸರದಿಯ ಮೇಲೆ ಬಂದು ಹೋಗಲು ಅವಕಾಶವಿದೆ. 2023ರಲ್ಲಿ ಸೇರಿಸಿದ ನಾಲ್ಕರಲ್ಲಿ ಮೂರು ಉತ್ತರ ಲುಜಾನ್‌ನಲ್ಲಿ, ಅಂದರೆ ತೈವಾನ್ ದಿಕ್ಕಿಗೆ. ತೈವಾನ್‌ಗಾಗಿ ಯುದ್ಧವಾದರೆ ಅವೂ ಗುರಿಯಾಗುತ್ತವೆ. ನನ್ನ ಪ್ರಕಾರ ಈ ಸಖ್ಯಕ್ಕೆ ತೆರುವ ನಿಜವಾದ ಬೆಲೆ ಇದೇ.

ವಿಯೆಟ್ನಾಂ ಹಾವೂ ಸಾಯದಂತೆ ಕೋಲೂ ಮುರಿಯದಂತೆ ನಡೆಯುವುದು ನಿಜ: ಮೈತ್ರಿಕೂಟವಿಲ್ಲ, ವಿದೇಶಿ ನೆಲೆಯಿಲ್ಲ, 2023ರ ಸೆಪ್ಟೆಂಬರ್‌ನಲ್ಲಿ ಬೈಡನ್, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್, ಇಬ್ಬರಿಗೂ ಹನೋಯ್‌ನಲ್ಲಿ ಸ್ವಾಗತ. ಆದರೆ ಅದರ ಬಳಿ ರಷ್ಯಾದ ಆರು 'ಕಿಲೋ' ದರ್ಜೆಯ ಜಲಾಂತರ್ಗಾಮಿಗಳಿವೆ, 1979ರಲ್ಲಿ ಚೀನಾದೊಂದಿಗೆ ನೆಲದ ಮೇಲೆ ಕಾದಿದ ಸೇನೆಯಿದೆ. ಫಿಲಿಪ್ಪೀನ್ಸ್ ಸೇನೆ ದಶಕಗಳ ಕಾಲ ದೇಶದೊಳಗಿನ ಬಂಡುಕೋರರ ಬೆನ್ನು ಹತ್ತಿತ್ತು. ಸಮುದ್ರದತ್ತ ಮುಖ ತಿರುಗಿಸಿ ಇನ್ನೂ ಹೆಚ್ಚು ಕಾಲವಾಗಿಲ್ಲ.