ಅಪ್ಪ ಕದಲಲಿಲ್ಲ, ನನಗೆ ಕೂರಲಾಗಲಿಲ್ಲ

ಪ್ರಶ್ನೆ: ನೀವು ಹೇಳಿದಿರಿ ಅಂತ ‘ಮುಕ್ತಿ ಭವನ್’ ಎಂಬ ಹಿಂದಿ ಸಿನಿಮಾ ನೋಡಿದೆ. ಮುದುಕರೊಬ್ಬರು ಸಾಯಲು ಕಾಶಿಗೆ ಹೋಗುತ್ತಾರೆ, ಮಗ ಜೊತೆಗಿರುತ್ತಾನೆ. ಏನೂ ನಡೆಯುವುದೇ ಇಲ್ಲ. ನಾನು ಹತ್ತು ಸಲ ಮೊಬೈಲ್ ನೋಡಿದೆ. ಪಕ್ಕದಲ್ಲಿದ್ದ 78ರ ಅಪ್ಪ ಮಾತ್ರ ಕದಲಲಿಲ್ಲ. ಇಷ್ಟು ನಿಧಾನ ಬೇಕಿತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಕಿತ್ತು. ಶುಭಾಶಿಷ್ ಭುಟಿಯಾನಿ 2016ರಲ್ಲಿ ಮಾಡಿದ ಚಿತ್ರ ಇದು. ಸಾಯಲು ಬಂದವರು ತಂಗುವ ಆ ಮನೆಯ ನಿಯಮ ನೆನಪಿದೆ ಅಲ್ವಾ? ಇರಲು 15 ದಿನ. ಅಷ್ಟರಲ್ಲಿ ಪ್ರಾಣ ಹೋಗದಿದ್ದರೆ ಕೋಣೆ ಬಿಡಬೇಕು. ಕಾಶಿಯಲ್ಲಿ ನಿಜಕ್ಕೂ ಇಂಥ ಮನೆಗಳಿವೆ. ಮಗನಾಗಿರುವ ಆದಿಲ್ ಹುಸೇನ್ ಫೋನಿನಲ್ಲಿ ಆಫೀಸಿಗೆ ಸಮಜಾಯಿಷಿ ಕೊಡುವಾಗ ಅವರ ಮುಖ ನೋಡಿ. ಅಪ್ಪ ಸಾಯಬಾರದು, ಆದರೆ ರಜೆ ಮುಗಿಯುತ್ತಿದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಜಾಗದಲ್ಲಿ ನಾನೂ ಇದ್ದೆ. ನಮ್ಮಪ್ಪ ಮನೆಯಲ್ಲೇ 11 ದಿನ ಮಲಗಿದ್ದರು. ಅಮ್ಮ ದೇವರ ಗೂಡಿನಿಂದ ಗಂಗೆಯ ಗಿಂಡಿ ತೆಗೆದು ತಲೆದಿಂಬಿನ ಹತ್ತಿರ ಇಟ್ಟಿದ್ದರು. ಅಂಗೈಯಲ್ಲಿ ಹಿಡಿಸುವ ತಾಮ್ರದ ಗಿಂಡಿ, ಬಾಯಿಗೆ ಬೆಸುಗೆ. ಅಜ್ಜಿ ಕಾಶಿಯಿಂದ ತಂದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಐದನೇ ದಿನ ನಾನು ಅಡುಗೆಮನೆಯ ಕ್ಯಾಲೆಂಡರ್ ಮುಂದೆ ನಿಂತು, ಉಳಿದ ರಜೆಯನ್ನು ಬೆರಳಿನಲ್ಲಿ ಎಣಿಸಿದೆ. ಅಮ್ಮ ನೋಡಿದರು. ಏನೂ ಅನ್ನಲಿಲ್ಲ. ಕಾಫಿ ಲೋಟ ಕೈಗಿಟ್ಟರು. ಆ 11 ದಿನದಲ್ಲಿ ನನಗೆ ಜಾಸ್ತಿ ನೆನಪಿರುವುದು ಆ ಲೋಟವೇ. ಅವಸರದ ಸಿನಿಮಾದಲ್ಲಿ ಅದಕ್ಕೆ ಜಾಗ ಇರುತ್ತಿರಲಿಲ್ಲ.

ಭಕ್ತಿಯನ್ನೂ ಈ ಚಿತ್ರ ಹಾಗೆಯೇ ತೋರಿಸುತ್ತದೆ. ಉಪದೇಶ ಇಲ್ಲ. ಲಲಿತ್ ಬೆಹ್ಲ್ ಮಾಡಿರುವ ಮುದುಕರು, ಬೆಳಿಗ್ಗೆಯ ಬಸ್ಸಿಗೆ ಹೊರಡುವವರ ಹಾಗೆ ಸಾವಿಗೆ ತಯಾರಾಗುತ್ತಾರೆ. ಮಗನಿಗೆ ಆ ನಂಬಿಕೆ ಇಲ್ಲ, ಆದರೂ ಅಪ್ಪನಿಗೆ ಅಡುಗೆ ಮಾಡಿ ಹಾಕುತ್ತಾನೆ. 15 ದಿನದ ನಿಯಮ ಇದ್ದರೂ, ಅಲ್ಲೇ 18 ವರ್ಷದಿಂದ ಸಾವಿಗೆ ಕಾಯುತ್ತಿರುವ ವಿಮಲಾ ಇದ್ದಾರೆ. ಸಂಜೆಯಾದರೆ ಎಲ್ಲರೂ ಒಟ್ಟಿಗೆ ಕೂತು ಟಿವಿ ಧಾರಾವಾಹಿ ನೋಡುತ್ತಾರೆ. ಸಾಯಲು ಬಂದವರಿಗೂ ಕಥೆ ಮುಂದೇನಾಗುತ್ತದೆ ಅಂತ ಗೊತ್ತಾಗಬೇಕು! ನನಗೆ ಇಡೀ ಚಿತ್ರದಲ್ಲಿ ತುಂಬಾ ಪ್ರೀತಿಯ ದೃಶ್ಯ ಅದು.

ನಿಮ್ಮ ತಂದೆಯವರನ್ನು ಒಂದು ಮಾತು ಕೇಳಿ. ಚಿತ್ರ ಹೇಗಿತ್ತು ಅಂತಲ್ಲ. ಯಾವ ಜಾಗದಲ್ಲಿ ಅವರು ಕುರ್ಚಿಯಿಂದ ಮುಂದೆ ಬಾಗಿ ನೋಡಿದರು ಅಂತ ಕೇಳಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.