ನಂಬು ಎಂದರೆ ನಂಬಲಾದೀತೇ?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ರೈತ. ನಂಜನಗೂಡಿನ ನಂಜುಂಡೇಶ್ವರ ನಮ್ಮ ಮನೆದೇವರು. ಮೈಸೂರಿನಲ್ಲಿ ಕೆಲಸದಲ್ಲಿರುವ ಮಗ ಕೆಲವು ವರ್ಷಗಳಿಂದ ದೇವರಲ್ಲಿ ನಂಬಿಕೆಯಿಲ್ಲ ಎನ್ನುತ್ತಿದ್ದಾನೆ. ಮೊಮ್ಮಗನ ಮುಡಿ ಕೊಡಿಸೋಣ ಎಂದರೆ, ‘ಜೊತೆಗೆ ಬರುತ್ತೇನೆ, ಆದರೆ ಕೈಮುಗಿದು ಬೇಡಿಕೊಳ್ಳುವುದಿಲ್ಲ, ಅದು ಸುಳ್ಳಾಗುತ್ತದೆ’ ಎಂದ. ನಂಬಿಕೆ ಬಿಟ್ಟವನು ಅವನೇ, ಮನಸ್ಸು ಮಾಡಿದರೆ ಮತ್ತೆ ನಂಬಬಹುದು ಎಂಬುದು ನನ್ನ ವಾದ. ‘ಅದು ನನ್ನ ಕೈಯಲ್ಲಿಲ್ಲಪ್ಪ’ ಎನ್ನುತ್ತಾನೆ. ಇದು ಹಟವಲ್ಲವೇ?

ಉತ್ತರ (ತತ್ತ್ವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಮೈಸೂರು):

ಹಟವಲ್ಲ. ಹಟವಾಗಿದ್ದರೆ ನಂಜನಗೂಡಿನ ಕಡೆಗೆ ತಲೆಯನ್ನೇ ಹಾಕುವುದಿಲ್ಲ ಎನ್ನುತ್ತಿದ್ದ. ಬರುತ್ತೇನೆ, ಇಲ್ಲದ ಭಕ್ತಿಯನ್ನು ತೋರಿಸಲಾರೆ ಎನ್ನುವವನು ನಿಮ್ಮನ್ನೂ ಹಗುರವಾಗಿ ಕಂಡಿಲ್ಲ, ನಿಮ್ಮ ದೇವರನ್ನೂ ಹಗುರವಾಗಿ ಕಂಡಿಲ್ಲ.

ಕನ್ನಂಬಾಡಿ ಕಟ್ಟೆ ತುಂಬಿ 124.80 ಅಡಿ ಮುಟ್ಟಿದೆ, ನೀವೇ ಹೋಗಿ ಕಣ್ಣಾರೆ ಕಂಡು ಬಂದಿದ್ದೀರಿ ಎಂದುಕೊಳ್ಳಿ. ‘ಕಟ್ಟೆ ಬತ್ತಿದೆ ಎಂದು ಈಗಲೇ ನಂಬಿದರೆ ಲಕ್ಷ ರೂಪಾಯಿ ಕೊಡುತ್ತೇನೆ’ ಎಂದು ಒಬ್ಬರು ಮುಂದೆ ಬಂದು ನಿಂತರೆ ಏನು ಮಾಡುತ್ತೀರಿ? ಬತ್ತಿದೆ ಎಂದು ಬಾಯಲ್ಲಿ ಹೇಳಬಹುದು, ಕಾಗದದಲ್ಲಿ ಬರೆದುಕೊಡಬಹುದು, ಹಣವನ್ನೂ ಎಣಿಸಿಕೊಳ್ಳಬಹುದು. ನಂಬಲು ಮಾತ್ರ ಆಗುವುದಿಲ್ಲ. ಕೈ ಎತ್ತು ಎಂದರೆ ಎತ್ತಬಹುದು. ನಂಬು ಎಂದು ಮನಸ್ಸಿಗೆ ಅಪ್ಪಣೆ ಕೊಟ್ಟರೆ ಅದು ಕೇಳುವುದಿಲ್ಲ.

ದೇವರೇನು ಕಟ್ಟೆಯ ನೀರೇ, ಅಳತೆಪಟ್ಟಿ ಇಟ್ಟು ನೋಡಲು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಇದನ್ನೇ ಚರ್ಚಿಸಿದರು. ಪುರಾವೆಯಿಂದ ತೀರ್ಮಾನವಾಗದ, ಆದರೆ ಬದುಕಿಗೆ ತೀರಾ ಮುಖ್ಯವಾದ, ಮುಂದಕ್ಕೆ ತಳ್ಳಲಾಗದ ವಿಷಯಗಳಲ್ಲಿ ಹೃದಯ ಒಲಿದ ಕಡೆಗೆ ನಂಬುವ ಹಕ್ಕು ಮನುಷ್ಯನಿಗೆ ಇದೆ ಎಂದರು. ಅವರೇ ಇನ್ನೊಂದು ಷರತ್ತನ್ನೂ ಇಟ್ಟರು: ಆ ನಂಬಿಕೆ ಅವನ ಮನಸ್ಸಿಗೆ ‘ಆದೀತು’ ಎಂದು ತೋರುವಂತಿರಬೇಕು. ಪ್ರಾಚೀನ ಗ್ರೀಕರ ಸ್ಯೂಸ್ ದೇವರನ್ನು ನಂಬಿ ಎಂದರೆ ಮಳವಳ್ಳಿಯಲ್ಲಿ ಯಾರ ಮನಸ್ಸೂ ಅತ್ತ ಹೊರಳುವುದಿಲ್ಲ. ನಂಜುಂಡೇಶ್ವರ ಇವತ್ತು ನಿಮ್ಮ ಮಗನಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ಅವನಿಗಲ್ಲದೆ ಬೇರೆಯವರಿಗೆ ತಿಳಿಯದು.

ನಿಮ್ಮ ನಂಬಿಕೆಯನ್ನೂ ಇದೇ ಒರೆಗೆ ಹಚ್ಚಿ ನೋಡಿ. ಕಪಿಲೆಯ ದಡದಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅಳುತ್ತಿದ್ದ ನಿಮ್ಮ ಮುಡಿ ತೆಗೆಸಿ, ಬೋಳುತಲೆಗೆ ತಣ್ಣನೆಯ ಗಂಧ ಹಚ್ಚಿದಾಗ ನಿಮ್ಮ ಒಪ್ಪಿಗೆಯನ್ನು ಯಾರೂ ಕೇಳಿರಲಾರರು. ಆಮೇಲೆ ಉರುಳುಸೇವೆ ಮಾಡುವವರನ್ನು ಕಂಡಿರಿ, ದೊಡ್ಡಜಾತ್ರೆಯಲ್ಲಿ ಗೌತಮ ರಥ ಕದಲುವಾಗ ಹಣ್ಣುಜವನ ಎಸೆದಿರಿ, ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ ಹರಕೆ ಹೊತ್ತಿರಿ. ನಂಬಿಕೆ ಹೀಗೆ ಮೈಗೂಡಿತು. ಅದರಿಂದ ಅದರ ಬೆಲೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಆದರೆ ಹತ್ತರಲ್ಲಿ ಒಂದನ್ನು ಆರಿಸಿ ನೀವು ತಂದುಕೊಂಡದ್ದಲ್ಲ. ಗೀತೆಯ 17ನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ, ಶ್ರದ್ಧೆ ಅವರವರ ಸ್ವಭಾವದಿಂದಲೇ ಹುಟ್ಟುತ್ತದೆ ಎನ್ನುತ್ತಾನೆ. ನಿಮ್ಮಲ್ಲಿ ತಾನಾಗಿ ಬಂದದ್ದು ಮಗನಲ್ಲಿ ತಾನಾಗಿ ಹೋಗಿದ್ದರೆ, ನಿಮ್ಮದನ್ನು ಪುಣ್ಯವೆಂದೂ ಅವನದನ್ನು ಅಪರಾಧವೆಂದೂ ಕರೆಯುವುದು ನ್ಯಾಯವಲ್ಲ.

ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಯಾರ ಜೊತೆ ಕೂರುತ್ತೇವೆ, ಏನನ್ನು ಓದುತ್ತೇವೆ, ಒಪ್ಪದ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುತ್ತೇವೆಯೇ ಎಂಬುದೆಲ್ಲ ನಮ್ಮ ಆಯ್ಕೆಯೇ. ಅವು ನಿಧಾನವಾಗಿ ಮನಸ್ಸನ್ನು ತಿದ್ದುತ್ತವೆ. 17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಇದನ್ನು ಬಲ್ಲವರಾಗಿದ್ದರು. ನಂಬಬೇಕೆಂಬ ಆಸೆಯಿದ್ದೂ ನಂಬಲಾಗದವರು ನಂಬಿದವರಂತೆಯೇ ನಡೆದುಕೊಳ್ಳಲಿ, ತೀರ್ಥ ತೆಗೆದುಕೊಳ್ಳಲಿ, ಪೂಜೆಗೆ ಹೋಗಲಿ, ನಂಬಿಕೆ ಹಿಂದೆಯೇ ಬರುತ್ತದೆ ಎಂದರು. ಇದು ನಂಬಲು ತಾನೇ ಹಂಬಲಿಸುವವನಿಗೆ ಹೇಳಿದ ಉಪಾಯ. ಹಂಬಲ ನಿಮ್ಮದು, ಆಚರಣೆ ಅವನದು ಎಂದಾದರೆ ಹುಟ್ಟುವುದು ಭಕ್ತಿಯಲ್ಲ, ಬೇಸರ. ಬಲವಂತದ ಪೂಜೆಯಿಂದ ದೇವಸ್ಥಾನವನ್ನೇ ದ್ವೇಷಿಸುವಂತಾದ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ.

ಬೇರೆ ಬೇರೆ ನಂಬಿಕೆಯವರು ಒಂದೇ ಮನೆಯಲ್ಲಿ ಬಾಳುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ರಾಮಾನುಜರ ಪ್ರಭಾವದಿಂದ ಹೊಯ್ಸಳ ಬಿಟ್ಟಿದೇವ ವೈಷ್ಣವನಾಗಿ ವಿಷ್ಣುವರ್ಧನನಾದ ಎಂಬುದು ಮೇಲುಕೋಟೆಯ ಪರಂಪರೆಯ ಮಾತು. ತಲಕಾಡಿನಲ್ಲಿ ಚೋಳರನ್ನು ಗೆದ್ದ ಮೇಲೆ ಅವನು ಅಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಪಟ್ಟದ ರಾಣಿ ಶಾಂತಲೆಯಾದರೋ ಕೊನೆಯವರೆಗೂ ಜೈನಳಾಗಿಯೇ ಉಳಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು.

ಕಾನೂನೂ ಇಲ್ಲಿ ನಿಮ್ಮ ಮಗನ ಕಡೆಗೇ ಇದೆ. ಸಂವಿಧಾನದ 25ನೇ ವಿಧಿ ಮೊದಲು ಹೆಸರಿಸುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು, ಧರ್ಮದ ಆಚರಣೆ ಬರುವುದು ಅದರ ನಂತರ. ಕೇರಳದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಗೆ ಒಗ್ಗದೆಂದು ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಮಕ್ಕಳದು ನಂಬಿಕೆ, ನಿಮ್ಮ ಮಗನದು ನಂಬಿಕೆಯಿಲ್ಲದಿರುವುದು. ಆದರೂ ಗೌರವದಿಂದ ನಿಂತು ಸುಮ್ಮನಿರುವ ದಾರಿ ಎರಡು ಕಡೆಗೂ ಒಂದೇ.

ಹಾಗಾಗಿ ಅವನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿ. ಮಗುವನ್ನು ಎತ್ತಿಕೊಂಡಿರಲಿ, ಸಾಲಿನಲ್ಲಿ ನಿಲ್ಲಲಿ, ಊಟಕ್ಕೆ ಎಲೆ ಹಾಕಲಿ. ಗರ್ಭಗುಡಿಯ ಮುಂದೆ ಅವನು ಕೈಮುಗಿದನೇ ಎಂದು ತಿರುಗಿ ನೋಡಬೇಡಿ. ನಂಜುಂಡೇಶ್ವರನಿಂದ ನಿಮ್ಮ ಬದುಕಿಗೆ ಏನು ಸಿಕ್ಕಿದೆ ಎಂಬುದನ್ನು ಒಮ್ಮೆ ಅವನಿಗೆ ಬಿಚ್ಚಿ ಹೇಳಿ. ವಾದ ಬೇಡ, ಬರೀ ಹೇಳಿ. ಅವನಿಗೆ ನಂಬಿಕೆ ಯಾವಾಗ, ಹೇಗೆ ಹೋಯಿತು ಎಂದೂ ಕೇಳಿ ತಿಳಿದುಕೊಳ್ಳಿ. ಆ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಬಂದಿಲ್ಲ.

ಮುಡಿಯ ವಿಷಯದಲ್ಲಿ ನಿಮ್ಮ ಸೊಸೆ ಏನು ಹೇಳುತ್ತಾರೆ ಎಂಬುದನ್ನೂ ನೀವು ಬರೆದಿಲ್ಲ. ದಿನ ಗೊತ್ತುಮಾಡುವ ಮೊದಲು ಅವರನ್ನೂ ಕೇಳಿ.