ರಿನ್ 2.3 ಬಂದ ಮಾತ್ರಕ್ಕೆ ಬಿಸಾಡಬೇಡಿ

10 ವರ್ಷ ಹಳೆಯ ಸ್ತನ ಗೆಡ್ಡೆಯ ಪ್ಯಾರಾಫಿನ್ ಬ್ಲಾಕ್‌ನಿಂದ (ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶ) ತೆಗೆದ ಆರ್‌ಎನ್‌ಎಗೆ ರಿನ್ (ಆರ್‌ಎನ್‌ಎ ಎಷ್ಟು ಮುರಿಯದೆ ಉಳಿದಿದೆ ಅಂತ 1ರಿಂದ 10ರಲ್ಲಿ ಹೇಳುವ ಅಂಕ) 2.3 ಬಂತು, ಕ್ಯೂಪಿಸಿಆರ್‌ಗೆ (ಜೀನ್‌ನ ತುಣುಕನ್ನು ನಕಲು ಮಾಡುತ್ತಾ ಎಷ್ಟಿದೆ ಅಂತ ಅಳೆಯುವ ವಿಧಾನ) ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ದಯವಿಟ್ಟು ಬಿಸಾಡಬೇಡಿ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶಕ್ಕೆ ರಿನ್ ಸರಿಯಾದ ಅಳತೆಯೇ ಅಲ್ಲ. ಅದು ಮುಖ್ಯವಾಗಿ ರೈಬೋಸೋಮಿನ ಎರಡು ದೊಡ್ಡ ಆರ್‌ಎನ್‌ಎಗಳನ್ನು ನೋಡುತ್ತದೆ, ಇಲ್ಲಿ ಅವು ಚೂರುಚೂರಾಗಿರುತ್ತವೆ. ಬದಲಿಗೆ ಡಿವಿ200 ನೋಡಿ. ಅಂದರೆ 200 ನ್ಯೂಕ್ಲಿಯೋಟೈಡ್‌ಗಿಂತ ಉದ್ದದ ತುಣುಕುಗಳು ಶೇಕಡಾ ಎಷ್ಟಿವೆ ಅನ್ನೋದು. 30ಕ್ಕಿಂತ ಕಡಿಮೆ ಇದ್ದರೆ ಸೀಕ್ವೆನ್ಸಿಂಗ್ (ಆರ್‌ಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವುದು) ಕಷ್ಟ, ಆದರೆ ಕ್ಯೂಪಿಸಿಆರ್ ಆಗಲೂ ಮಾಡಿ ನೋಡಬಹುದು.

ನಿಮ್ಮ ಪ್ರೈಮರ್ ಜೋಡಿ (ನಕಲಿನ ಎರಡು ತುದಿಗಳನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) 180 ಬೇಸ್ ಉದ್ದವನ್ನು ನಕಲು ಮಾಡುತ್ತದೆ ಅಂದಿರಿ. ನನಗೆ ತೊಂದರೆ ಕಾಣಿಸುತ್ತಿರುವುದು ಅಲ್ಲೇ. ಅಷ್ಟುದ್ದದ ತುಂಡು ಮುರಿಯದೆ ಉಳಿದಿರುವುದೇ ಅಪರೂಪ. 60ರಿಂದ 80ಕ್ಕೆ ಇಳಿಸಿ. ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡುವಾಗ, ಆರ್‌ಎನ್‌ಎಯ ಕೊನೆಯ ಎ-ಬಾಲಕ್ಕೆ ಅಂಟುವ ಒಲಿಗೊ-ಡಿಟಿ ಪ್ರೈಮರ್ ಬೇಡ. ಚೂರಾದ ಆರ್‌ಎನ್‌ಎಯಲ್ಲಿ ಬಾಲ ಒಂದು ಕಡೆ, ನಿಮಗೆ ಬೇಕಾದ ಭಾಗ ಇನ್ನೊಂದು ಕಡೆ ಇರುತ್ತದೆ. ರ್‍ಯಾಂಡಮ್ ಪ್ರೈಮರ್ ಅಥವಾ ಆಯಾ ಜೀನ್‌ನದೇ ಪ್ರೈಮರ್ ಹಾಕಿ.

ಹೋಲಿಕೆಗೆ (ಬೇರೆ ಜೀನ್‌ಗಳ ಮಟ್ಟ ಅಳೆಯಲು ಆಧಾರವಾಗಿ) ಬರೀ ಜಿಎಪಿಡಿಎಚ್ ಜೀನ್ ಒಂದನ್ನೇ ನಂಬಬೇಡಿ. ಇಂಥದೇ ಬ್ಲಾಕ್‌ಗಳ ಮೇಲೆ ನಡೆಯುವ ಸ್ತನ ಕ್ಯಾನ್ಸರ್‌ನ ಆಂಕೊಟೈಪ್ ಡಿಎಕ್ಸ್ ಪರೀಕ್ಷೆ ಅಳೆಯುವುದು 21 ಜೀನ್, ಅದರಲ್ಲಿ 5 ಹೋಲಿಕೆಗೆಂದೇ ಇವೆ. ಕನಿಷ್ಠ ಮೂರಾದರೂ ಇಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಮೊದಲು, ನೀವು ಇಡೀ ಸೆಕ್ಷನ್ (ಬ್ಲಾಕ್‌ನಿಂದ ಕೊಯ್ದ ತೆಳು ಹಾಳೆ) ಕೆರೆದು ಟ್ಯೂಬಿಗೆ ಹಾಕಿದಿರಾ? ಸ್ತನದ ಅಂಗಾಂಶದಲ್ಲಿ ಕೊಬ್ಬು, ನಾರು ಜಾಸ್ತಿ ಅಲ್ವಾ. ಪಕ್ಕದ ಸೆಕ್ಷನ್‌ಗೆ ಎಚ್ ಅಂಡ್ ಇ ಬಣ್ಣ (ಕೋಶಗಳು ಎದ್ದು ಕಾಣಲು ಹಾಕುವುದು) ಹಾಕಿಸಿ, ಗೆಡ್ಡೆಯ ಸುತ್ತ ಪೆಥಾಲಜಿಸ್ಟ್ ಹತ್ತಿರ ಪೆನ್ನಿನಲ್ಲಿ ಗೆರೆ ಎಳೆಸಿಕೊಳ್ಳಿ. ಆ ಗೆರೆಯೊಳಗಿನದನ್ನಷ್ಟೇ ಬ್ಲೇಡಿನಿಂದ ಕೆರೆಯಿರಿ. ಇಲ್ಲದಿದ್ದರೆ ಸುಮ್ನೆ ಕೊಬ್ಬಿನ ಜೀನ್ ಅಳೆದಂತಾಗುತ್ತದೆ. ಬೆರೆತ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಹಾಕುವುದನ್ನೂ ಮರೆಯಬೇಡಿ. ಹೊಸ ಪ್ರೈಮರ್‌ಗೆ ಸಿಟಿ (ಎಷ್ಟನೇ ಸುತ್ತಿನಲ್ಲಿ ಸಂಕೇತ ಕಾಣಿಸಿತು ಅನ್ನೋದು) ಎಷ್ಟು ಬಂತು ಅಂತ ಬರೆಯಿರಿ, ನೋಡೋಣ.